ಕಾಣದ ನಾಡಿನ ದಾರಿ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ಇದನ್ನು ಕೇಳಿದವರು ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದು ಭಾವಿಸುತ್ತಾರೆ. ಸುತ್ತುವವನಿಗೆ ಓದಲು ಬಿಡುವಿಲ್ಲ, ಓದುವವನಿಗೆ ಸುತ್ತಲು ಮನಸ್ಸಿಲ್ಲ ಎಂದು ನಗೆಯಾಡುವುದೂ ಉಂಟು. ಆದರೆ ಕಾಣದ ನಾಡಿನಲ್ಲಿ ಸ್ವತಃ ವಾಹನ ನಡೆಸಿಕೊಂಡು ಹೋಗಬೇಕಾದವನಿಗೆ ಇವು ಒಂದೇ ಕೆಲಸದ ಎರಡು ಭಾಗಗಳು. ಅವನು ಮೊದಲು ದಾರಿಯನ್ನು ಓದಬೇಕು, ಅನಂತರ ಅದರಲ್ಲಿ ನಡೆಯಬೇಕು. ಓದದೆ ನಡೆದರೆ ಆಗುವ ಹಾನಿ ಕೆಲವು ವೇಳೆ ಸರಿಪಡಿಸಲಾರದಂಥದು.

ಕಲಬುರಗಿ ಜಿಲ್ಲೆಯ ವಾಡಿ ಒಂದು ದೊಡ್ಡ ರೈಲು ಕೂಡುನಿಲ್ದಾಣ. 1874ರಲ್ಲಿ ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರಾಜ್ಯದ ರೈಲುಮಾರ್ಗ ತೆರೆಯಿತು. ಒಂದು ದಾರಿ ಸೊಲ್ಲಾಪುರ, ಮುಂಬಯಿಗಳ ಕಡೆಗೆ. ಇನ್ನೊಂದು ರಾಯಚೂರಿನ ಕಡೆಗೆ. ಮತ್ತೊಂದು ಚಿತ್ತಾಪುರ, ಸೇಡಂಗಳನ್ನು ಹಾಯ್ದು ಹೈದರಾಬಾದಿನ ಕಡೆಗೆ. ರೈಲಿನಲ್ಲಿ ಕುಳಿತ ಪ್ರಯಾಣಿಕನಿಗೆ ಇಲ್ಲಿ ಯಾವ ಚಿಂತೆಯೂ ಇಲ್ಲ. ಯಾವ ಹಳಿಯ ಮೇಲೆ ಹೋಗಬೇಕು, ಎಲ್ಲಿ ನಿಲ್ಲಬೇಕು, ಎದುರಿನ ಗಾಡಿಗೆ ಎಲ್ಲಿ ದಾರಿ ಬಿಡಬೇಕು ಎಂಬುದನ್ನೆಲ್ಲ ಬೇರೆಯವರು ಮೊದಲೇ ಯೋಚಿಸಿಟ್ಟಿದ್ದಾರೆ. ಆದರೆ ಮೋಟಾರು ನಡೆಸುವವನ ಸ್ಥಿತಿ ಹಾಗಲ್ಲ. ಅವನೇ ಚಾಲಕ, ಅವನೇ ಗಾರ್ಡು, ಅವನೇ ಸ್ಟೇಷನ್ ಮಾಸ್ತರ. ಪರದೇಶದಲ್ಲಾದರೆ ಈ ಮೂರೂ ಕೆಲಸಗಳನ್ನು ತಿಳಿಯದ ಹಳಿಯ ಮೇಲೆ ಮಾಡಬೇಕು.

ಇಂದು ಸೇಡಂ, ಚಿಂಚೋಳಿಗಳಂಥ ಊರುಗಳಿಂದ ಹೊರಟವರು ಅಮೆರಿಕ, ಆಸ್ಟ್ರೇಲಿಯ, ಜರ್ಮನಿಗಳಲ್ಲಿ ನೆಲೆಸುವುದು ಅಪರೂಪವೇನಲ್ಲ. ಅವರನ್ನು ಕಾಣಲು ಹೋದ ಬಂಧುಗಳೂ ರಜೆಯಲ್ಲಿ ಕಾರನ್ನು ಬಾಡಿಗೆಗೆ ಹಿಡಿದು ಸಾವಿರಾರು ಕಿಲೋಮೀಟರು ಸುತ್ತುತ್ತಾರೆ. ಅಂಗೈಯೊಳಗಿನ ಫೋನು ತಿರುವು ತಿರುವಿಗೂ ದಾರಿ ಹೇಳುತ್ತದೆ. ಹೀಗಿರುವಾಗ ಮುನ್ಸಿದ್ಧತೆ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವನ್ನು ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಏಕೆಂದರೆ ಇಂದು ಪರದೇಶದ ದಾರಿಯನ್ನು ಯೋಚಿಸುವ ಈ ಸೀಮೆಯೇ ಒಂದಾನೊಂದು ಕಾಲದಲ್ಲಿ ಇತರರಿಗೆ ಕಾಣದ ಪರದೇಶವಾಗಿತ್ತು.

ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. 9, 10ನೆಯ ಶತಮಾನಗಳ ಅರಬ್ ಲೇಖಕರು ಇಲ್ಲಿಯ ಅರಸನನ್ನು ‘ಬಲ್ಹರಾ’ ಎಂದೂ ಈ ಪಟ್ಟಣವನ್ನು ‘ಮಾಂಕೀರ್’ ಎಂದೂ ಕರೆದಿದ್ದಾರೆ. ಅವರಲ್ಲೊಬ್ಬನಾದ ಮಸೂದಿ ಈ ರಾಜಧಾನಿಗೂ ಸಮುದ್ರಕ್ಕೂ ನಡುವೆ 80 ಸಿಂಧೀ ಫರಸಂಗಗಳ ಅಂತರವಿದೆಯೆಂದೂ ಒಂದು ಫರಸಂಗಕ್ಕೆ 8 ಮೈಲಿಯೆಂದೂ ಬರೆದಿದ್ದಾನೆ. ಹಾಗಾದರೆ ಅದು 640 ಮೈಲಿ. ಇಂದು ನಕಾಶೆಯ ಮೇಲೆ ಮಳಖೇಡದಿಂದ ಪಡುವಣ ಕಡಲಿಗೆ ನೇರವಾಗಿ ಗೆರೆ ಎಳೆದರೆ 500 ಕಿಲೋಮೀಟರು ಕೂಡ ಆಗುವುದಿಲ್ಲ. ಆತನ ಮಾತು ಸುಳ್ಳೆಂದು ಇದರ ಅರ್ಥವಲ್ಲ. ಅಂದಿನ ಪ್ರಯಾಣಿಕನ ದಾರಿ ನೇರ ಗೆರೆಯಲ್ಲಿರಲಿಲ್ಲ. ಘಟ್ಟಗಳನ್ನು ಬಳಸಿ, ನೀರಿರುವ ನೆಲೆಗಳನ್ನು ಹುಡುಕಿ, ಹೊಳೆಯ ಕಡವುಗಳನ್ನು ಅರಸಿ ಸಾಗುತ್ತಿತ್ತು. ಅಳತೆಯ ಮಾನವೂ ನಾಡಿನಿಂದ ನಾಡಿಗೆ ಬದಲಾಗುತ್ತಿತ್ತು. ಇಂದಿಗೂ ಈ ಮಾತು ಸತ್ಯವೇ. ಅಮೆರಿಕೆಯ ರಸ್ತೆಗಳಲ್ಲಿ ದೂರವನ್ನೂ ವೇಗದ ಮಿತಿಯನ್ನೂ ಮೈಲಿಯಲ್ಲಿ ಬರೆದಿರುತ್ತಾರೆ. ಅಲ್ಲಿಯ 100 ಎಂಬುದು ಇಲ್ಲಿಯ 160. ದೂರವನ್ನು ಓದುವ ಮೊದಲು ಅದರ ಮಾನವನ್ನು ತಿಳಿಯಬೇಕೆಂಬುದು ಮೊದಲನೆಯ ಪಾಠ.

ಎರಡನೆಯ ಪಾಠವನ್ನು ಹೇಳುವವನು ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ. ತ್ವೇರ್ ಎಂಬ ಪಟ್ಟಣದ ಈತ 1460ರ ದಶಕದ ಉತ್ತರಾರ್ಧದಲ್ಲಿ ವೋಲ್ಗಾ ನದಿಯ ಮೇಲೆ ಸರಕಿನೊಡನೆ ಹೊರಟನು. ಭಾರತಕ್ಕೆ ಬರುವುದು ಅವನ ಮೊದಲ ಉದ್ದೇಶವಾಗಿರಲಿಲ್ಲ. ಆಸ್ತ್ರಖಾನಿನ ಬಳಿ ದರೋಡೆಗೆ ಸಿಕ್ಕಿ ಸರಕನ್ನೂ ತನ್ನ ಧರ್ಮಗ್ರಂಥಗಳನ್ನೂ ಕಳೆದುಕೊಂಡನು. ಬರಿಗೈಯಲ್ಲಿ ಊರಿಗೆ ಮರಳಿದರೆ ಸಾಲಗಾರರಿಗೆ ಉತ್ತರ ಹೇಳಬೇಕು. ಆದುದರಿಂದ ಮುಂದಕ್ಕೇ ಹೆಜ್ಜೆಯಿಟ್ಟು ಪರ್ಷಿಯವನ್ನು ದಾಟಿ, ಹೊರ್ಮುಜಿನಿಂದ ಒಂದು ಕುದುರೆಯೊಡನೆ ಹಡಗನ್ನೇರಿ, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ಭಾರತದಲ್ಲಿ ಕುದುರೆಗೆ ಬಹಳ ಬೆಲೆಯೆಂದೂ ರಷ್ಯಕ್ಕೆ ಬೇಕಾದ ಸರಕೆಲ್ಲ ಅಲ್ಲಿ ಹೇರಳವಾಗಿ ಸಿಗುವುದೆಂದೂ ಜೊತೆಯ ವ್ಯಾಪಾರಿಗಳು ಹೇಳಿದ್ದರು. ಅವನು ಅದನ್ನು ನಂಬಿದ್ದನು.

ಚೌಲಿನಿಂದ ಘಟ್ಟವನ್ನೇರಿ ಜುನ್ನರಿಗೆ ಬರುವ ವೇಳೆಗೆ ಮಳೆಗಾಲ ಹಿಡಿಯಿತು. ನಾಲ್ಕು ತಿಂಗಳು ಹಗಲಿರುಳೂ ನೀರು, ಎಲ್ಲೆಲ್ಲಿಯೂ ಕೆಸರು ಎಂದು ಅವನು ಬರೆದಿಟ್ಟಿದ್ದಾನೆ. ದಾರಿ ನಡೆಯುವಂತಿರಲಿಲ್ಲ. ಜುನ್ನರಿನಲ್ಲಿ ನಿಂತನು, ಕುದುರೆಗೆ ಮೇವು ಹಾಕುತ್ತ ಕೈಯ ಹಣ ಕರಗಿತು. ಸಾಲದುದಕ್ಕೆ ಆ ಪಟ್ಟಣದ ಅಧಿಪತಿ ಅವನ ಕುದುರೆಯನ್ನೇ ವಶಪಡಿಸಿಕೊಂಡನು. ಪುಣ್ಯವಶಾತ್ ಖುರಾಸಾನದ ಅಧಿಕಾರಿಯೊಬ್ಬನು ನಡುವೆ ಬಂದು ಅದನ್ನು ಬಿಡಿಸಿಕೊಟ್ಟನು. ಮುಂದೆ ಸುಮಾರು ಒಂದು ತಿಂಗಳು ನಡೆದು, ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರನ್ನು ಸೇರಿದನು. ಆಳಂದದಲ್ಲಿ ನಡೆಯುತ್ತಿದ್ದ ಕುದುರೆಗಳ ಸಂತೆಯನ್ನು ವರ್ಣಿಸಿದನು. ಬೀದರಿನಿಂದ ಕಲಬುರಗಿಗೆ ಹತ್ತು ದಿನಗಳ ದಾರಿಯೆಂದು ಲೆಕ್ಕವಿಟ್ಟನು. ಇಂದು ಅದು ಸುಮಾರು ಮೂರು ಗಂಟೆಗಳ ದಾರಿ. ಕೊನೆಗೆ ಅವನಿಗೆ ತಿಳಿದುಬಂದ ಸಂಗತಿಯೆಂದರೆ, ರಷ್ಯಕ್ಕೆ ಒಯ್ದು ಲಾಭಪಡೆಯುವಂಥ ಸರಕು ಇಲ್ಲಿ ಹೆಚ್ಚಾಗಿ ಇರಲಿಲ್ಲ. ಮೆಣಸು, ಬಣ್ಣಗಳು ಅಗ್ಗವಾಗಿದ್ದರೂ ಸುಂಕ ಭಾರವಾಗಿತ್ತು, ಕಡಲಿನಲ್ಲಿ ಕಳ್ಳರ ಕಾಟವಿತ್ತು. ತಾನು ಮೋಸಹೋದೆನೆಂದು ಅವನು ನೊಂದು ಬರೆದಿದ್ದಾನೆ. ಮರಳುವ ದಾರಿಯಲ್ಲಿ ತನ್ನ ಊರನ್ನು ತಲುಪುವ ಮುನ್ನವೇ ಸ್ಮೊಲೆನ್ಸ್ಕಿನ ಬಳಿ ತೀರಿಕೊಂಡನು. ‘ಮೂರು ಕಡಲುಗಳಾಚೆಯ ಪಯಣ’ ಎಂದು ಹೆಸರಾದ ಅವನ ಬರಹ ಮಾತ್ರ 1475ರಲ್ಲಿ ಮಾಸ್ಕೋವನ್ನು ಸೇರಿತು.

ನಿಕಿತಿನ್‌ನ ಧೈರ್ಯ ದೊಡ್ಡದು. ಆದರೆ ಅವನ ಕಷ್ಟಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಬಹಳಷ್ಟು ಇಂದಿನ ಪ್ರಯಾಣಿಕನಿಗೂ ಬರತಕ್ಕವೇ. ಋತುವನ್ನು ತಿಳಿಯದೆ ಬಂದುದು ಒಂದು. ಅರಿಯದವರ ಮಾತನ್ನು ಪರೀಕ್ಷಿಸದೆ ನಂಬಿದುದು ಎರಡನೆಯದು. ಪರರಾಜ್ಯದಲ್ಲಿ ತನ್ನ ವಾಹನವನ್ನು ಉಳಿಸಿಕೊಳ್ಳುವ ಆಧಾರವಿಲ್ಲದುದು ಮೂರನೆಯದು. ಮರಳುವ ವೆಚ್ಚವನ್ನು ಮೊದಲೇ ತೆಗೆದಿಡದುದು ನಾಲ್ಕನೆಯದು. ದಾರಿ ತೋರುವ ಯಂತ್ರ ಎಷ್ಟೇ ಜಾಣನಾಗಿರಲಿ, ಈ ನಾಲ್ಕನ್ನೂ ಪ್ರಯಾಣಿಕನೇ ಯೋಚಿಸಬೇಕು.

ಪರನಾಡನ್ನು ಅರಿಯುವುದು ಹೇಗೆಂದು ತಿಳಿಯಲು ಒಂದು ಸುಲಭವಾದ ಉಪಾಯವುಂಟು. ಪರದೇಶದವನೊಬ್ಬನು ತಮ್ಮ ಊರಿಗೆ ವಾಹನದಲ್ಲಿ ಬರುತ್ತಾನೆಂದು ಭಾವಿಸಿ, ಅವನಿಗೆ ಏನೇನು ಹೇಳಬೇಕೆಂದು ಪಟ್ಟಿ ಮಾಡುವುದು. ಅವನು ಕಲಬುರಗಿಯಿಂದ ಹೊರಟು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂಗಳನ್ನು ನೋಡಿ ಚಿಂಚೋಳಿಯ ಕಾಡನ್ನು ಸೇರಬೇಕಾಗಿದೆ ಎಂದಿಟ್ಟುಕೊಳ್ಳೋಣ. ನಕಾಶೆಯಲ್ಲಿ ಇದು ಒಂದು ಗೇಣಿನಷ್ಟೂ ಇಲ್ಲ. ಅರ್ಧ ದಿನದ ಕೆಲಸವೆಂದು ಅವನು ತಿಳಿಯಬಹುದು. ಆದರೆ ಊರಿನವರಿಗೆ ತಿಳಿದಿರುವುದು ಬೇರೆ. ಮೇ ತಿಂಗಳಿನಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ನಡುಹಗಲಿನಲ್ಲಿ ಪಯಣ ಬೇಡ. ಮಳೆಗಾಲದಲ್ಲಿ ಕಾಗಿಣಾ ಉಕ್ಕಿದರೆ ಮಳಖೇಡದ ಬಳಿ ಸೇತುವೆ ಮುಳುಗಿ ಕಲಬುರಗಿ–ಸೇಡಂ ಸಂಚಾರ ನಿಂತುಹೋಗುವುದುಂಟು. ಆಗ ಬಳಸುದಾರಿ ಯಾವುದೆಂದು ಗೊತ್ತಿರಬೇಕು. ರಸ್ತೆ ಬಿಟ್ಟು ಎರೆಹೊಲಕ್ಕೆ ಚಕ್ರ ಇಳಿಯಿತೆಂದರೆ, ಮಳೆ ಬಿದ್ದ ಆ ಕಪ್ಪು ಮಣ್ಣು ಅದನ್ನು ಬಿಡುವುದಿಲ್ಲ. ಸಿಮೆಂಟು ಹೇರಿದ ಲಾರಿಗಳೂ ಫರ್ಸಿಕಲ್ಲು ಹೇರಿದ ಲಾರಿಗಳೂ ರಸ್ತೆಯನ್ನು ತುಂಬಿಕೊಂಡು ಬರುತ್ತವೆ. ಭಾರ ಹೊತ್ತ ಲಾರಿ ಬೇಕೆಂದ ಕಡೆ ಥಟ್ಟನೆ ನಿಲ್ಲಲಾರದು. ಸಂಜೆಗತ್ತಲಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರು, ಎತ್ತಿನ ಬಂಡಿಗಳು ಎದುರಾಗುತ್ತವೆ. ಜಾತ್ರೆಯ ದಿನ ರಸ್ತೆಯೇ ಜನರ ಪಾಲಾಗುತ್ತದೆ.

ಇನ್ನು ಮಾತಿನ ವಿಷಯ. ಇಲ್ಲಿ ಕನ್ನಡದೊಡನೆ ಉರ್ದು, ತೆಲುಗು, ಲಂಬಾಣಿ ಭಾಷೆಗಳೂ ಕೇಳಿಬರುತ್ತವೆ. ದಾರಿ ಕೇಳಿದರೆ ಜನ ತಮ್ಮ ಕೆಲಸ ಬಿಟ್ಟು ಬಂದು ಹೇಳುತ್ತಾರೆ. ಆದರೆ ಕೇಳುವ ರೀತಿಯೊಂದಿದೆ. ‘ಇದು ಸೇಡಂ ದಾರಿ ಹೌದಲ್ಲವೆ?’ ಎಂದು ಕೇಳಿದರೆ, ಬಂದವನ ಮನಸ್ಸು ನೋಯಿಸಬಾರದೆಂದು ‘ಹೌದ್ರೀ’ ಎಂದುಬಿಡುವವರುಂಟು. ‘ಸೇಡಂಗೆ ಹೋಗುವ ದಾರಿ ಯಾವುದು?’ ಎಂದು ಕೇಳಿದರೆ ಕೈಯೆತ್ತಿ ತೋರಿಸುತ್ತಾರೆ. ‘ಇಲ್ಲೇ ಸಮೀಪ’ ಎಂಬ ಮಾತಿಗೆ ಇಷ್ಟೇ ದೂರವೆಂಬ ಅರ್ಥವಿಲ್ಲ. ಬಂದವನಿಗೆ ಹೇಳುವ ಧೈರ್ಯ ಮಾತ್ರ ಅದರಲ್ಲಿದೆ.

ಊರಿನವರಿಗೆ ಇವೆಲ್ಲವೂ ಉಸಿರಾಟದಷ್ಟು ಸಹಜ. ಯಾರೂ ಇವನ್ನು ಬರೆದಿಡುವುದಿಲ್ಲ, ಯಾವ ಫಲಕವೂ ಇವನ್ನು ಸಾರುವುದಿಲ್ಲ. ಆದರೆ ಪರಸ್ಥಳದವನಿಗೆ ತೊಂದರೆಯಾಗುವುದು ಇವುಗಳಿಂದಲೇ. ಪ್ರತಿಯೊಂದು ನಾಡಿಗೂ ಇಂತಹ ಒಂದು ಬರೆಯದ ಪಟ್ಟಿಯಿದೆ. ಆ ಪಟ್ಟಿಯನ್ನು ಮೊದಲೇ ಹುಡುಕಿ ಬರೆದುಕೊಳ್ಳುವುದೇ ಪ್ರಯಾಣದ ಸಿದ್ಧತೆಯ ತಿರುಳು.

ಉದಾಹರಣೆಗಾಗಿ ಆಸ್ಟ್ರೇಲಿಯದ ಪರ್ತ್ ನಗರದಿಂದ ಅಡಿಲೇಡ್ ನಗರಕ್ಕೆ ಹೋಗುವ ದಾರಿಯನ್ನು ನೋಡಬಹುದು. ಅದು ಸುಮಾರು 2,700 ಕಿಲೋಮೀಟರು; ಅಂದರೆ ಕಲಬುರಗಿಯಿಂದ ಬೆಂಗಳೂರಿಗಿರುವ ದೂರದ ನಾಲ್ಕು ಪಟ್ಟಿಗೂ ಹೆಚ್ಚು. ನಡುವೆ ನಲರ್ಬೋರ್ ಎಂಬ ಮರಗಳಿಲ್ಲದ ಬಯಲಿದೆ. ಅಲ್ಲಿ ಒಂದು ಕಡೆ ರಸ್ತೆ 146 ಕಿಲೋಮೀಟರುಗಳವರೆಗೆ ಒಂದು ತಿರುವೂ ಇಲ್ಲದೆ ಬಾಣದಂತೆ ಸಾಗುತ್ತದೆ. ರಸ್ತೆ ಉತ್ತಮ, ವಾಹನ ವಿರಳ. ಮೂರು ದಿನಗಳಲ್ಲಿ ಮುಗಿಸಬಹುದೆಂದು ಯಾರಿಗಾದರೂ ತೋರೀತು. ವಿವೇಕಿ ಬೇರೆ ರೀತಿಯಲ್ಲಿ ಲೆಕ್ಕ ಹಾಕುತ್ತಾನೆ. ಐದು ದಿನಗಳಿಗೆ ಹಂಚಿದರೆ ದಿನಕ್ಕೆ 540 ಕಿಲೋಮೀಟರು. ಊಟ, ಇಂಧನಗಳ ನಿಲುಗಡೆಯನ್ನು ಬಿಟ್ಟು ಗಂಟೆಗೆ ಸರಾಸರಿ 80 ಕಿಲೋಮೀಟರು ಎಂದು ಹಿಡಿದರೆ ಸುಮಾರು ಏಳು ಗಂಟೆ. ವಿಶ್ರಾಂತಿಗೆ ಎರಡು ಗಂಟೆ ಸೇರಿಸಿದರೆ ಒಂಬತ್ತು. ಬೆಳಗ್ಗೆ ಏಳಕ್ಕೆ ಹೊರಟವನು ಸಂಜೆ ನಾಲ್ಕಕ್ಕೆ ತಂಗುದಾಣ ಸೇರುತ್ತಾನೆ.

ನಾಲ್ಕಕ್ಕೇ ಏಕೆ ನಿಲ್ಲಬೇಕು? ಅಲ್ಲಿಯ ಬರೆಯದ ಪಟ್ಟಿ ಇದಕ್ಕೆ ಕಾರಣ ಹೇಳುತ್ತದೆ. ಮುಸ್ಸಂಜೆಯಲ್ಲಿಯೂ ನಸುಕಿನಲ್ಲಿಯೂ ಕಾಂಗರೂಗಳು ರಸ್ತೆಗೆ ಬರುತ್ತವೆ. ವೇಗದಲ್ಲಿರುವ ಕಾರಿಗೆ ಕಾಂಗರೂ ಅಡ್ಡ ಬಂದರೆ ಎರಡು ಜೀವಗಳಿಗೂ ಅಪಾಯ. ಇಂಧನ ಸಿಗುವ ಎರಡು ನೆಲೆಗಳ ನಡುವೆ ಕೆಲವೆಡೆ 180 ಕಿಲೋಮೀಟರಿಗೂ ಹೆಚ್ಚು ಅಂತರವಿದೆ. ಅರ್ಧ ಟ್ಯಾಂಕ್ ಇರುವಾಗಲೇ ತುಂಬಿಸಬೇಕು. ಬಹಳ ದೂರ ಫೋನಿನ ಸಂಕೇತ ಸಿಗುವುದಿಲ್ಲ. ಆದುದರಿಂದ ಕಾಗದದ ನಕಾಶೆ ಬೇಕು, ಕುಡಿಯುವ ನೀರು ಬೇಕು. ಬೆಳೆಗಳಿಗೆ ಕೀಟ, ರೋಗಗಳು ಹರಡದಿರಲೆಂದು ರಾಜ್ಯದ ಗಡಿಯನ್ನು ದಾಟುವವರ ಹಣ್ಣು ತರಕಾರಿಗಳನ್ನು ತಪಾಸಣೆ ಮಾಡಿ ತೆಗೆದುಕೊಳ್ಳುತ್ತಾರೆ. ಆದುದರಿಂದ ಬುತ್ತಿಯನ್ನು ಅದಕ್ಕೆ ತಕ್ಕಂತೆ ಕಟ್ಟಬೇಕು. ಯೂಕ್ಲ ಎಂಬ ನೆಲೆಯ ಸುತ್ತಮುತ್ತ ಗಡಿಯಾರವೂ 45 ನಿಮಿಷ ಮುಂದಕ್ಕೆ ಓಡುತ್ತದೆ. ನಕಾಶೆಯಲ್ಲಿ ಕಾಣುವ ಒಂದೇ ಗೆರೆಯ ಹಿಂದೆ ಇಷ್ಟೆಲ್ಲ ಅಡಗಿದೆ.

ಆಸ್ಟ್ರೇಲಿಯದಲ್ಲಿ ಭಾರತದಂತೆಯೇ ಎಡಬದಿಯ ಸಂಚಾರ. ಅಮೆರಿಕ, ಜರ್ಮನಿ ಮೊದಲಾದ ಬಹುಸಂಖ್ಯೆಯ ದೇಶಗಳಲ್ಲಿ ಬಲಬದಿಯದು. ಅಭ್ಯಾಸವೆಂಬುದು ಎಷ್ಟು ಬಲವಾದುದೆಂಬುದಕ್ಕೆ ಸ್ವೀಡನ್ ದೇಶದ ನಿದರ್ಶನವೊಂದಿದೆ. ಆ ದೇಶ 1967ರ ಸೆಪ್ಟೆಂಬರ್ 3ರಂದು ಬೆಳಗಿನ ಜಾವ ಐದು ಗಂಟೆಗೆ ಎಡಬದಿಯನ್ನು ಬಿಟ್ಟು ಬಲಬದಿಗೆ ಹೊರಳಿತು. ಅದಕ್ಕಾಗಿ ಅವರು ವರ್ಷಗಟ್ಟಲೆ ಸಿದ್ಧತೆ ನಡೆಸಿ, ದೇಶವೆಲ್ಲ ಪ್ರಚಾರ ಮಾಡಿ, ಆ ಹೊತ್ತಿನಲ್ಲಿ ರಸ್ತೆಯ ವಾಹನಗಳನ್ನು ನಿಲ್ಲಿಸಿ, ಬದಿ ಬದಲಿಸಿ, ಮತ್ತೆ ಹೊರಡಿಸಿದರು. ಒಂದು ದೇಶವೇ ಇಷ್ಟು ಎಚ್ಚರ ವಹಿಸಿದ ಮಾರ್ಪಾಟನ್ನು ಪ್ರಯಾಣಿಕನು ವಿಮಾನದಿಂದ ಇಳಿದ ಒಂದು ಗಂಟೆಯಲ್ಲಿ ಒಬ್ಬನೇ ಮಾಡಿಕೊಳ್ಳಬೇಕಾಗುತ್ತದೆ. ವಾಹನಗಳು ಕಿಕ್ಕಿರಿದ ರಸ್ತೆಯಲ್ಲಿ ತಪ್ಪುವ ಭಯ ಕಡಿಮೆ. ಮುಂದಿನ ವಾಹನವೇ ದಾರಿ ತೋರುತ್ತದೆ. ತಪ್ಪುವುದು ನಸುಕಿನ ಬರಿದಾದ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಮನಸ್ಸು ಬೇರೆಡೆ ಇರುವಾಗ. ಆಗ ಕೈಗಳು ಹಳೆಯ ಅಭ್ಯಾಸದಂತೆ ನಡೆಯುತ್ತವೆ. ಆದುದರಿಂದ ಮೊದಲ ದಿನ ದೂರದ ಪಯಣ ಕೂಡದು.

ನಿಯಮಗಳೂ ಬೇರೆ. ಅಮೆರಿಕೆಯಲ್ಲಿ ಹಳದಿ ಬಣ್ಣದ ಶಾಲಾಬಸ್ಸು ಕೆಂಪು ದೀಪ ಮಿನುಗಿಸುತ್ತ ನಿಂತಿತೆಂದರೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಹಿಂದಿನ ವಾಹನಗಳಷ್ಟೇ ಅಲ್ಲ, ಎದುರಿನಿಂದ ಬರುವವೂ ನಿಲ್ಲಬೇಕು. ಏಕೆಂದರೆ ಇಳಿದ ಮಗು ರಸ್ತೆಯನ್ನು ದಾಟಬಹುದು. ಇದನ್ನು ತಿಳಿಯದವನು ದಂಡಕ್ಕೆ ಗುರಿಯಾಗುತ್ತಾನೆ. ಅದಕ್ಕಿಂತಲೂ ಘೋರವಾದುದು, ಅವನ ಅಜ್ಞಾನಕ್ಕೆ ಮಗುವೊಂದು ಬಲಿಯಾದೀತು.

ಪತ್ರಗಳ ವಿಷಯದಲ್ಲಿ ನಿಕಿತಿನ್‌ನ ಕುದುರೆಯನ್ನು ನೆನೆಯಬೇಕು. ಪರದೇಶದಲ್ಲಿ ವಾಹನ ನಡೆಸಲು ಭಾರತೀಯನಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ ಬೇಕಾಗಬಹುದು. 1949ರ ಜಿನೀವಾ ಒಪ್ಪಂದದಂತೆ ನೀಡುವ ಈ ಪರವಾನಿಗೆಯನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಪಡೆಯಬೇಕು. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಅದು ಮೂಲ ಪರವಾನಿಗೆಯ ಅನುವಾದದಂತಿರುವುದರಿಂದ ಮೂಲವೂ ಜೊತೆಯಲ್ಲಿರಬೇಕು. ಎಲ್ಲ ದೇಶಗಳೂ ಇದನ್ನು ಮನ್ನಿಸುವುದಿಲ್ಲ, ಚೀನಾ ಒಪ್ಪುವುದಿಲ್ಲ. ಅಮೆರಿಕೆಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಸ್ವಂತ ವಾಹನವನ್ನೇ ಗಡಿ ದಾಟಿಸುವವನ ಹೊಣೆ ಇನ್ನೂ ಹೆಚ್ಚು. ನೇಪಾಳಕ್ಕೆ ಹೋಗುವ ಭಾರತದ ವಾಹನ ಗಡಿಯ ಸುಂಕದ ಕಟ್ಟೆಯಲ್ಲಿ ದಿನಗಳ ಲೆಕ್ಕದಲ್ಲಿ ಹಣ ಕಟ್ಟಿ ಅನುಮತಿ ಪಡೆಯಬೇಕು. ಇನ್ನೂ ಕೆಲವು ದೇಶಗಳಲ್ಲಿ, ವಾಹನವನ್ನು ಅಲ್ಲಿ ಮಾರದೆ ಮರಳಿ ತರುವೆನೆಂಬುದಕ್ಕೆ ಕಾರ್ನೆ ಎಂಬ ಜಾಮೀನು ಪತ್ರ ಬೇಕು. ಇವುಗಳೊಡನೆ ವಾಹನದ ವಿಮೆ, ಚಿಕಿತ್ಸೆಯ ವಿಮೆಗಳೂ ಇರಬೇಕು. ಎಲ್ಲ ಪತ್ರಗಳ ಪ್ರತಿಗಳನ್ನು ಇನ್ನೊಂದು ಚೀಲದಲ್ಲಿಡಬೇಕು. ಒಂದು ಚೀಲ ಕಳೆದರೂ ಇನ್ನೊಂದು ಉಳಿಯುತ್ತದೆ.

ಇಷ್ಟೆಲ್ಲ ಸಿದ್ಧವಾದರೂ ಒಂದು ಶತ್ರು ಉಳಿಯುತ್ತದೆ. ಅದು ನಿದ್ರೆ. ಹದಿನೇಳು ಗಂಟೆಗಳ ಕಾಲ ಎಚ್ಚರವಿದ್ದವನ ಕೈ ಕಣ್ಣುಗಳ ಚುರುಕು ಮದ್ಯ ಕುಡಿದವನಂತೆ ಕುಗ್ಗುತ್ತದೆಂದು ಪರೀಕ್ಷೆಗಳು ತೋರಿಸಿವೆ. ದೂರದ ವಿಮಾನ ಪಯಣ ಮುಗಿಸಿ ನೇರವಾಗಿ ಚಕ್ರ ಹಿಡಿಯುವವನು ಇದೇ ಸ್ಥಿತಿಯಲ್ಲಿರುತ್ತಾನೆ. ಭಾರತದಲ್ಲಿ 1961ರಲ್ಲಿ ಆದ ಮೋಟಾರು ಸಾರಿಗೆ ಕಾರ್ಮಿಕರ ಕಾನೂನು ದಿನಕ್ಕೆ ಎಂಟು ಗಂಟೆಗಳ ಕೆಲಸವನ್ನೂ ಐದು ಗಂಟೆಗಳಾಗುವುದರೊಳಗೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತು. ದಿನವೂ ಚಕ್ರ ಹಿಡಿಯುವ ನುರಿತ ಚಾಲಕನಿಗೇ ಇಂತಹ ಮಿತಿ ಬೇಕೆಂದ ಮೇಲೆ, ವರ್ಷಕ್ಕೊಮ್ಮೆ ಹೊರಡುವವನಿಗೆ ಬೇಡವೆ? ವಾಡಿಯಿಂದ ಸಿಮೆಂಟು ಹೇರಿಕೊಂಡು ಹೊರಡುವ ಲಾರಿಯಲ್ಲಿ ಚಾಲಕನ ಜೊತೆಗೆ ಕ್ಲೀನರ್ ಇರುವುದು ಕೇವಲ ಗಾಜು ಒರೆಸಲು ಅಲ್ಲ. ಇರುಳಿನಲ್ಲಿ ಮಾತನಾಡಿಸುತ್ತ ಚಾಲಕನನ್ನು ಎಚ್ಚರವಾಗಿಡುವುದೂ ಅವನ ಕೆಲಸ. ಪರದೇಶದ ದೂರಪಯಣದಲ್ಲಿಯೂ ಪಕ್ಕದಲ್ಲಿ ಕುಳಿತವನು ನಿದ್ರಿಸಬಾರದು.

ಕೊನೆಯದಾಗಿ, ಯೋಜನೆಯೆಂಬುದು ಪ್ರಯಾಣಿಕನನ್ನು ಕಟ್ಟಿಹಾಕುವ ಹಗ್ಗವಲ್ಲ. ಐದು ದಿನಗಳ ದಾರಿಗೆ ಆರನೆಯ ದಿನವೊಂದನ್ನು ಬಿಡುವಾಗಿ ಇಟ್ಟುಕೊಂಡವನು ಮಳೆ ಬಂದರೆ ನಿಲ್ಲಬಲ್ಲನು, ಮೈಗೆ ಸರಿಯಿಲ್ಲದಿದ್ದರೆ ಮಲಗಬಲ್ಲನು, ಸೇತುವೆ ಮುಳುಗಿದ್ದರೆ ಹಿಂದಿರುಗಬಲ್ಲನು. ಆ ಒಂದು ದಿನವನ್ನು ಇಟ್ಟುಕೊಳ್ಳದವನು ತುಂಬಿದ ಹೊಳೆಗೂ ಚಕ್ರ ಇಳಿಸುತ್ತಾನೆ. ಹಗಲು ಕಂಡ ಬಾವಿಗೆ ಇರುಳು ಬೀಳುವವರು ಆತುರದವರೇ. ಹಿಂದಿರುಗುವುದು ಸೋಲಲ್ಲ. ನಿಕಿತಿನ್‌ಗೆ ಹಿಂದಿರುಗುವ ದಾರಿಯಿರಲಿಲ್ಲ. ಸಾಲ ಅವನನ್ನು ಮುಂದೆ ಮುಂದೆ ನೂಕಿತು. ಇಂದಿನವನಿಗೆ ಅಂತಹ ಕಟ್ಟಿಲ್ಲದಿದ್ದರೂ ಎಷ್ಟೋ ಸಲ ಹಟವೇ ಆ ಸಾಲದ ಕೆಲಸವನ್ನು ಮಾಡುತ್ತದೆ.

ಹೊರಡುವ ಮುನ್ನ ಮಾಡಬೇಕಾದ ಕೆಲಸ ಇನ್ನೊಂದಿದೆ. ಯಾವ ದಿನ ಎಲ್ಲಿಂದ ಎಲ್ಲಿಗೆ, ಎಲ್ಲಿ ತಂಗುವುದು, ಎಷ್ಟು ಹೊತ್ತಿಗೆ ಸುದ್ದಿ ಕಳಿಸುವುದು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಬೇಕು. ಚಿಂಚೋಳಿಯ ಮನೆಯೊಂದರ ಗೋಡೆಯ ಮೇಲೆ ಆ ಹಾಳೆಯಿದ್ದರೆ, ಸಾವಿರಾರು ಮೈಲಿಗಳಾಚೆ ಮಗನು ಹೇಳಿದ ಹೊತ್ತಿಗೆ ನೆಲೆ ಸೇರದಿದ್ದಾಗ ತಾಯಿ ಬರಿದೆ ಹಂಬಲಿಸಬೇಕಾಗಿಲ್ಲ. ಅವನನ್ನು ಎಲ್ಲಿ ಹುಡುಕಿಸಬೇಕೆಂದು ಆಕೆಗೆ ಗೊತ್ತಿರುತ್ತದೆ. ಐನೂರು ವರ್ಷಗಳ ಹಿಂದೆ ತ್ವೇರ್ ಪಟ್ಟಣದಲ್ಲಿ ನಿಕಿತಿನ್‌ನ ದಾರಿ ಕಾದವರಿಗೆ ಇಂತಹ ಹಾಳೆಯೊಂದು ಸಿಕ್ಕಿರಲಿಲ್ಲ. ಅವನ ಬರಹ ಬಂದುದು ಅವನು ತೀರಿಕೊಂಡ ಮೇಲೆ.